ಮೂಳೆ ಕೂಡುವ ಮುನ್ನ ಸಹಿ ಬೇಡ

ಬೈಕಿನಿಂದ ಬಿದ್ದು ಕೈಕಾಲು ಮುರಿದುಕೊಂಡ ಹುಡುಗರ ಮೋಟಾರು ವಾಹನ ಅಪಘಾತ ಪರಿಹಾರದ (ಎಂವಿಸಿ) ಕೇಸುಗಳನ್ನು ಮಲೆನಾಡಿನ ಕೋರ್ಟುಗಳಲ್ಲಿ ನಡೆಸುತ್ತಲೇ ನನ್ನ ತಲೆ ಬೆಳ್ಳಗಾಯಿತು. ಅಪಘಾತ ಯಾರ ಕೈಯಲ್ಲೂ ಇಲ್ಲ ಎನ್ನುತ್ತಾರೆ, ಇರಬಹುದು. ಆದರೆ ಅಪಘಾತವಾದ ಮರುಗಳಿಗೆಯಿಂದ ನಡೆಯುವುದೆಲ್ಲ ಬಹುಪಾಲು ನಮ್ಮ ಕೈಯಲ್ಲೇ ಇದೆ. ಆಗ ಆಡಿದ ಒಂದು ಮಾತು, ಹಾಕಿದ ಒಂದು ಸಹಿ, ಎಸೆದ ಒಂದು ಔಷಧಿ ಚೀಟಿ ಮುಂದೆ ಎಷ್ಟೋ ವರ್ಷ ಕಾಡಿದ್ದನ್ನು ಕಂಡಿದ್ದೇನೆ. ಅದಕ್ಕೇ ಮಗು, ಇದನ್ನು ಬರೆಯುತ್ತಿದ್ದೇನೆ. ಬೀಳುವ ಮೊದಲೇ ಓದು. ಬಿದ್ದ ಮೇಲೆ ಓದುವ ತ್ರಾಣ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಮಾ ಪರಿಹಾರ ಯಾರೋ ಕೊಡುವ ದಾನವಲ್ಲ, ಲಾಟರಿಯೂ ಅಲ್ಲ. ನೀನು ಕಳೆದುಕೊಂಡದ್ದರ ಲೆಕ್ಕ ಅದು. ಲೆಕ್ಕ ಸರಿಯಾಗಿರಬೇಕಾದರೆ ಎರಡು ಬೇಕು: ಸತ್ಯ ಮತ್ತು ತಾಳ್ಮೆ. ಕಳೆದುಕೊಂಡದ್ದಕ್ಕಿಂತ ಹೆಚ್ಚು ಕೇಳಬೇಡ, ಆದರೆ ಏನನ್ನು ಕಳೆದುಕೊಂಡೆ ಎಂಬುದು ನಿನಗೇ ತಿಳಿಯುವ ಮುನ್ನ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಬಿದ್ದ ಕೂಡಲೇ ಆಸ್ಪತ್ರೆಗೆ ಹೋಗು. 108 ಅಥವಾ 112ಕ್ಕೆ ಕರೆ ಮಾಡಿಸು. ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತವಾದ ದಿನದಿಂದ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಯೋಜನೆ 2025ರ ಮೇ 5ರಂದು ಜಾರಿಗೆ ಬಂದಿದೆ. ಇದಕ್ಕೆ ಗೊತ್ತುಮಾಡಿದ ಆಸ್ಪತ್ರೆಗಳಿವೆ, ಅಂಥ ಕಡೆಗೇ ಕರೆದೊಯ್ಯಲು ಹೇಳು. ಆಮೇಲೆ ವೈದ್ಯರು 'ಏನಾಯಿತು' ಎಂದು ಕೇಳುತ್ತಾರಲ್ಲ, ಅಲ್ಲಿ ಎಚ್ಚರ. ಪೊಲೀಸು, ಕೋರ್ಟು ಯಾಕೆ ಎಂದುಕೊಂಡು ಎಷ್ಟೋ ಹುಡುಗರು 'ನಾನೇ ಸ್ಕಿಡ್ ಆಗಿ ಬಿದ್ದೆ' ಎಂದುಬಿಡುತ್ತಾರೆ. ಆ ಮಾತು ಕೇಸ್ ಶೀಟಿನ ಮೊದಲ ಸಾಲಾಗಿ ಕೂರುತ್ತದೆ. ನಾಲ್ಕು ದಿನದ ಮೇಲೆ ಕಾರು ಗುದ್ದಿದ್ದು ಎಂದು ದೂರು ಕೊಟ್ಟರೆ, ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಮೊದಲು ಹಿಡಿಯುವುದೇ ಆ ಸಾಲನ್ನು. ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಗುದ್ದಿತು ಎಂಬುದನ್ನು ಇದ್ದ ಹಾಗೆ ಹೇಳು. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಲು ಕೇಳು. ನಿನಗೆ ಪ್ರಜ್ಞೆ ಇಲ್ಲದಿದ್ದರೆ ಜೊತೆಗಿರುವವರು ತಮಗೆ ಗೊತ್ತಿರುವಷ್ಟನ್ನೇ ಹೇಳಲಿ, ಊಹಿಸಿ ಹೇಳುವುದು ಬೇಡ.

ರಸ್ತೆ ಬದಿಯಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಗುದ್ದಿದವರು ಒಳ್ಳೆಯವರಂತೆ ಕಾಣುತ್ತಾರೆ, ಅನೇಕ ಸಲ ನಿಜವಾಗಿಯೂ ಒಳ್ಳೆಯವರೇ. ಐದೋ ಹತ್ತೋ ಸಾವಿರ ಕೈಗಿಟ್ಟು, 'ಕೇಸು ಬೇಡ, ಇಲ್ಲೇ ಮುಗಿಸೋಣ' ಎನ್ನುತ್ತಾರೆ. ಊರಿನ ಹಿರಿಯರೂ ದನಿಗೂಡಿಸುತ್ತಾರೆ. ಬಿದ್ದ ಬಿಸಿಯಲ್ಲಿ ನೋವು ತಿಳಿಯುವುದಿಲ್ಲ. ಮಂಡಿಯ ಅಸ್ಥಿರಜ್ಜು ಹರಿದದ್ದು, ತಲೆಯೊಳಗೆ ರಕ್ತ ಜಿನುಗಿದ್ದು ಎರಡು ದಿನ ಕಳೆದ ಮೇಲೂ ಗೊತ್ತಾಗಬಹುದು. ಅಷ್ಟರಲ್ಲಿ 'ನಮ್ಮ ನಡುವೆ ತಕರಾರಿಲ್ಲ' ಎಂಬ ಚೀಟಿಗೆ ನಿನ್ನ ಸಹಿ ಬಿದ್ದಿರುತ್ತದೆ. ಅವರಿಗೆ ಗೌರವದಿಂದಲೇ ಹೇಳು: 'ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ನಿಮ್ಮ ವಾಹನಕ್ಕೆ ವಿಮೆ ಇರುವುದೇ ಇದಕ್ಕೆ. ದೂರು ದಾಖಲಾಗಲಿ.' ವಿಮೆ ಚಾಲ್ತಿಯಲ್ಲಿದ್ದು, ಚಾಲಕನ ಲೈಸೆನ್ಸ್ ಸರಿಯಿದ್ದರೆ ಪರಿಹಾರ ಕೊಡುವುದು ಕಂಪನಿ. ಗುದ್ದಿದವರ ಮನೆ ಮಾರುವ ಪ್ರಮೇಯ ಬರುವುದಿಲ್ಲ.

ದೂರು ಕೊಡುವುದು ಒಂದೆರಡು ದಿನ ತಡವಾಯಿತೆಂದು ಕೈಚೆಲ್ಲಬೇಡ. ಗಾಯಾಳುವನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸವಾದ್ದರಿಂದ, ತಡ ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ಅನುಮಾನಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡಕ್ಕೆ ಕಾರಣವನ್ನು ದೂರಿನಲ್ಲೇ ಬರೆಸು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆದುಕೊ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿ ಸಲ್ಲಿಸಬೇಕು, 10 ದಿನಗಳೊಳಗೆ ಗಾಯಾಳುವಿಗೆ ಅವನ ಹಕ್ಕುಗಳ ವಿವರ ಕೊಡಬೇಕು, 90 ದಿನಗಳೊಳಗೆ ವಿವರವಾದ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. ಈ ದಿನಗಳ ಲೆಕ್ಕ ನಿನಗೆ ಗೊತ್ತಿದ್ದರೆ ಠಾಣೆಯಲ್ಲಿ ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಬಹುದು. ಮಹಜರು, ಸ್ಥಳದ ನಕ್ಷೆ, ವಾಹನ ತಪಾಸಣೆಯ ವರದಿ, ವೂಂಡ್ ಸರ್ಟಿಫಿಕೇಟ್, ದೋಷಾರೋಪ ಪಟ್ಟಿ ಇವೆಲ್ಲದರ ಪ್ರತಿಗಳು ನಿನ್ನ ಫೈಲಿನಲ್ಲಿರಬೇಕು.

ಇನ್ನು ಯಾವ ವಿಮೆ ಏನು ಕೊಡುತ್ತದೆ ಎಂಬುದು. ಇಲ್ಲಿ ಓದಿದವರೂ ಗೊಂದಲಪಡುತ್ತಾರೆ. ನಿನಗೆ ಇನ್ನೊಬ್ಬರು ಗುದ್ದಿದರೆ ಪರಿಹಾರ ಬರುವುದು ಅವರ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ. ನಿನ್ನ ಬೈಕಿನ ರಿಪೇರಿಗೆ ನಿನ್ನ ಪಾಲಿಸಿಯ ಸ್ವಂತ ಹಾನಿ ಭಾಗ. ತಪ್ಪು ನಿನ್ನದೇ ಆಗಿದ್ದರೆ ನಿನ್ನ ಮೈಗಾದ ನಷ್ಟಕ್ಕೆ ನಿನ್ನ ಥರ್ಡ್ ಪಾರ್ಟಿ ವಿಮೆ ಬಿಡಿಗಾಸೂ ಕೊಡುವುದಿಲ್ಲ. ಆಗ ಕೈಹಿಡಿಯುವುದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ. 2018ರಿಂದ ಅದರ ಮೊತ್ತ 15 ಲಕ್ಷ. ಮರಣ, ಅಂಗನಷ್ಟ, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅದು ಸಿಗುತ್ತದೆ. ಆಸ್ಪತ್ರೆಯ ಬಿಲ್ಲಿಗೆ ಸಿಗುವುದಿಲ್ಲ, ಅದಕ್ಕೆ ಆರೋಗ್ಯ ವಿಮೆ ಬೇರೆಯೇ ಬೇಕು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದನ್ನು ನಂಬಿ 'ಐದು ವರ್ಷ ಇನ್ಶೂರೆನ್ಸ್ ಇದೆ' ಎಂದು ಹುಡುಗರು ನಿಶ್ಚಿಂತರಾಗಿರುತ್ತಾರೆ. ಸ್ವಂತ ಹಾನಿ ಭಾಗ ಅನೇಕ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿದಿರುತ್ತದೆ, ವೈಯಕ್ತಿಕ ಅಪಘಾತ ವಿಮೆಯನ್ನು ನಾಲ್ಕು ಕಾಸು ಉಳಿಸಲು ತೆಗೆಸಿರುತ್ತಾರೆ. ಹಿಂದೆ ಕೂರುವವರಿಗೆ ನಿನ್ನ ಪಾಲಿಸಿ ಅನ್ವಯಿಸುತ್ತದೆಯೇ ಎಂಬುದನ್ನೂ ಬರಹದಲ್ಲಿ ನೋಡು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದ ಕಾರಣಕ್ಕೆ ಹಿಂಬದಿ ಸವಾರರು ಕೈಬಿಟ್ಟುಹೋದ ತೀರ್ಪುಗಳಿವೆ.

ಗೆಳೆಯನ ಬೈಕು ಕೇಳಿ ಓಡಿಸುವಾಗ ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡು. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಬೇರೆಯವರ ಬೈಕು ತಂದಿದ್ದ ಸವಾರನೊಬ್ಬ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ತಂದ ವಾಹನ ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಅವನನ್ನು ಮೂರನೆಯ ವ್ಯಕ್ತಿ ಎನ್ನಲಾಗದು ಎಂದು 2009ರಲ್ಲಿ ಕೋರ್ಟ್ ಹೇಳಿತು. ಅರಸೀಕೆರೆ ಕಡೆ ಕಾರು ಮಗುಚಿ ಸತ್ತವರೊಬ್ಬರ ಕುಟುಂಬದ ಮನವಿಯೂ 2025ರ ಜುಲೈಯಲ್ಲಿ ಅಲ್ಲಿ ತಿರಸ್ಕೃತವಾಯಿತು. ಅಪಘಾತಕ್ಕೆ ಕಾರು ಓಡಿಸುತ್ತಿದ್ದ ಅವರದೇ ಅತಿವೇಗ, ಅಜಾಗರೂಕತೆ ಕಾರಣವಾಗಿತ್ತು. ವೇಗದ ಸುಖ ಒಬ್ಬನದು, ಅದರ ಸಾಲ ಮನೆಯವರೆಲ್ಲರದು. ಕಾನೂನು ಇಲ್ಲಿ ಕರುಣೆ ತೋರಲು ಬರುವುದಿಲ್ಲ.

ಈಗ ಸಮಯದ ಮಾತು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ ಹಾಕಲು ಅಪಘಾತವಾದ ದಿನದಿಂದ 6 ತಿಂಗಳ ಮಿತಿಯನ್ನು 2022ರ ಏಪ್ರಿಲ್ 1ರಿಂದ ತಂದಿದ್ದಾರೆ. ಈ ಮಿತಿಯ ಮೇಲೆ ನ್ಯಾಯಾಲಯಗಳಲ್ಲಿ ವಾದಗಳು ನಡೆದಿವೆ, ಆ ವಾದಗಳನ್ನು ನಂಬಿ ಕೂರಬೇಡ. ಆರು ತಿಂಗಳೊಳಗೆ ಅರ್ಜಿ ಹಾಕಿಬಿಡು. 'ಕಾಲು ಇನ್ನೂ ನೆಟ್ಟಗಾಗಿಲ್ಲ, ನೋಡಿಕೊಂಡು ಹಾಕೋಣ' ಎನ್ನುವವರಿಗೆ ನಾನು ಹೇಳುವುದಿಷ್ಟು: ಅರ್ಜಿಗೆ ಅವಸರ ಮಾಡು, ರಾಜಿಗೆ ಅವಸರ ಮಾಡಬೇಡ. ಅಂಗವೈಕಲ್ಯದ ಸಾಕ್ಷ್ಯವನ್ನು ಗಾಯ ಒಂದು ಸ್ಥಿತಿಗೆ ಬಂದು ನಿಂತ ಮೇಲೆ ವೈದ್ಯರಿಂದ ಹೇಳಿಸಬಹುದು. ಬೆಂಗಳೂರಿನಲ್ಲಿ ಬಿದ್ದವನು ಅಲ್ಲೇ ಕೇಸು ಹಾಕಬೇಕೆಂದೂ ಇಲ್ಲ. ನೀನು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಊರುಗೋಲು ಹಿಡಿದು ರಾತ್ರಿ ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ.

ಇನ್ನು ಲೆಕ್ಕ. ಇದನ್ನು ನಿಧಾನವಾಗಿ ಓದು, ಯಾಕೆಂದರೆ ಹುಡುಗರು ಮೋಸಹೋಗುವುದು ಇಲ್ಲೇ. ಪರಿಹಾರವೆಂದರೆ ಆಸ್ಪತ್ರೆಯ ಬಿಲ್ಲು ಎಂದೇ ಬಹಳ ಜನ ತಿಳಿದಿದ್ದಾರೆ. ಬಿಲ್ಲು ಅದರ ಒಂದು ಬಾಬತ್ತು ಮಾತ್ರ. ಅನುಭವಿಸಿದ ನೋವು, ಹಾಸಿಗೆಯಲ್ಲಿದ್ದ ತಿಂಗಳುಗಳ ಸಂಪಾದನೆ, ನೋಡಿಕೊಳ್ಳಲು ಕೂಲಿ ಬಿಟ್ಟು ಕೂತ ತಾಯಿಯ ಶ್ರಮ, ಪಥ್ಯದ ಊಟ, ಆಟೊ ಬಾಡಿಗೆ, ಮುಂದಿನ ಚಿಕಿತ್ಸೆ, ಬದುಕಿನಲ್ಲಿ ಇಲ್ಲವಾದ ಸುಖ, ಎಲ್ಲಕ್ಕಿಂತ ದೊಡ್ಡದಾಗಿ ಮುಂದೆ ದುಡಿಯುವ ಶಕ್ತಿಗಾದ ಕುಂದು ಇವೆಲ್ಲ ಬೇರೆ ಬೇರೆ ಬಾಬತ್ತುಗಳು. ತೊಡೆಗೆ ರಾಡು, ಮುಂಗೈಗೆ ಪ್ಲೇಟು ಹಾಕಿದ್ದರೆ ಅದನ್ನು ತೆಗೆಸಲು ಇನ್ನೊಂದು ಆಪರೇಷನ್ ಬೇಕಾಗಬಹುದು. ಅದರ ಅಂದಾಜು ಖರ್ಚನ್ನು ವೈದ್ಯರಿಂದ ಬರೆಸಿ ಇಟ್ಟುಕೊ. ಬೇಗ ರಾಜಿಯಾದ ಕೇಸುಗಳಲ್ಲಿ ಬಿಟ್ಟುಹೋಗುವ ಬಾಬತ್ತು ಇದೇ.

ದುಡಿಮೆಯ ಕುಂದನ್ನು ಅಳೆಯುವುದು ಹೇಗೆ? ಅಡಿಕೆ ಮರ ಹತ್ತುವ 28 ವರ್ಷದ ಕೊನೆಗಾರನೊಬ್ಬನನ್ನು ಊಹಿಸಿಕೊ. ತಿಂಗಳಿಗೆ 20,000 ರೂಪಾಯಿ ಸಂಪಾದನೆ. ಮಂಡಿ ಮುರಿದಿದೆ. ಕಾಲಿಗೆ ಶೇಕಡಾ 36 ಊನ ಎಂದು ವೈದ್ಯರು ಬರೆಯುತ್ತಾರೆ. ಅವಯವದ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ವಾಡಿಕೆ ನಮ್ಮಲ್ಲಿ ಇರುವುದರಿಂದ ಅದು ಶೇಕಡಾ 12ಕ್ಕೆ ಇಳಿಯುತ್ತದೆ. 26ರಿಂದ 30 ವಯಸ್ಸಿನವರಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತುಪಡಿಸಿದ ಗುಣಕ 17. ವರ್ಷದ ಸಂಪಾದನೆಯನ್ನು 17ರಿಂದ ಗುಣಿಸಿದರೆ 40,80,000, ಅದರ ಶೇಕಡಾ 12 ಎಂದರೆ 4,89,600 ರೂಪಾಯಿ. ಆದರೆ ಮಂಡಿ ಮಡಚಲಾಗದವನು ಇನ್ನು ಮರ ಹತ್ತುವುದುಂಟೇ? ವೈದ್ಯರು ಬರೆದ ಶೇಕಡಾವಾರು ಬೇರೆ, ಅವನ ಕಸುಬಿಗಾದ ನಷ್ಟ ಬೇರೆ. ನ್ಯಾಯಮಂಡಳಿ ನೋಡಬೇಕಾದದ್ದು ಎರಡನೆಯದನ್ನು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ನಷ್ಟವನ್ನು ಶೇಕಡಾ 40 ಎಂದು ಒಪ್ಪಿದರೆ ಅದೇ ಮಂಡಿಯ ಲೆಕ್ಕ 16,32,000 ಆಗುತ್ತದೆ. ಇದರ ಮೇಲೆ, ಮುಂದೆ ಏರಬಹುದಾಗಿದ್ದ ಸಂಪಾದನೆಗೆಂದು 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಶೇಕಡಾ 40 ಸೇರಿಸಲು 2017ರ ಸಂವಿಧಾನ ಪೀಠದ ತೀರ್ಪು ಅವಕಾಶ ಕೊಟ್ಟಿದೆ. ಶಾಶ್ವತ ಊನವಾದ ಗಾಯಾಳುಗಳಿಗೂ ಅದು ಅನ್ವಯವೆಂದು 2020ರಲ್ಲಿ ತೀರ್ಮಾನವಾಯಿತು. ಅದೇ ಗಾಯ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಗುಮಾಸ್ತನಿಗಾದರೆ ಇಷ್ಟು ಸಿಗದು, ಸಿಗಬೇಕಾಗಿಯೂ ಇಲ್ಲ.

ಅದಕ್ಕೇ ನಿನ್ನ ಕಸುಬು ಏನು, ಅದಕ್ಕೆ ದೇಹದ ಯಾವ ಭಾಗ ಬೇಕು, ಈಗ ಏನು ಮಾಡಲಾಗುತ್ತಿಲ್ಲ ಎಂಬುದನ್ನು ವಕೀಲರಿಗೆ ಬಿಡಿಸಿ ಹೇಳು. ಸಂಪಾದನೆಗೆ ಪುರಾವೆ ಕೂಡಿಡು: ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು, ಡೆಲಿವರಿ ಆ್ಯಪಿನ ವಾರದ ಲೆಕ್ಕ, ತೋಟದ ಮಾಲೀಕರು ಫೋನಿಗೆ ಹಾಕಿದ ಕೂಲಿ. ಪುರಾವೆ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಆದಾಯ ಪಟ್ಟಿಯನ್ನು ಆಧಾರವಾಗಿ ಹಿಡಿಯುವುದುಂಟು. ನಿಜವಾಗಿ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದವರು ಪುರಾವೆಯಿಲ್ಲದೆ ನಷ್ಟಕ್ಕೊಳಗಾಗುತ್ತಾರೆ. ಬಿಲ್ಲುಗಳ ಮೂಲಪ್ರತಿ ಯಾರಿಗೇ ಕೊಟ್ಟರೂ ನಕಲು ಇಟ್ಟುಕೊಂಡೇ ಕೊಡು.

ಈಗ ರಾಜಿಯ ವಿಷಯ. ಕಾಯ್ದೆಯ ಪ್ರಕಾರ ವಿಮಾ ಕಂಪನಿಯ ಅಧಿಕಾರಿ ರಾಜಿಗೆಂದು ಒಂದು ಮೊತ್ತವನ್ನು ನಿನ್ನ ಮುಂದಿಡಬಹುದು. ಲೋಕ ಅದಾಲತ್ತಿನಲ್ಲೂ ಮಾತುಕತೆ ನಡೆಯುತ್ತದೆ. ರಾಜಿಯನ್ನು ನಾನು ವಿರೋಧಿಸುವವನಲ್ಲ. ಕೇಸು ಗೆದ್ದರೂ ಕಂಪನಿ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಬೆಂಗಳೂರೋ ಧಾರವಾಡವೋ ಕಲಬುರಗಿಯೋ ಎಂದು ವರ್ಷಗಳೇ ಉರುಳಬಹುದು. ನ್ಯಾಯವಾದ ಮೊತ್ತ ಇಂದೇ ಕೈಸೇರುವುದಾದರೆ ಸ್ವಲ್ಪ ಬಿಟ್ಟುಕೊಡುವುದರಲ್ಲಿ ವಿವೇಕವಿದೆ. ಆದರೆ ಲೋಕ ಅದಾಲತ್ತಿನ ಐತೀರ್ಪು ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಮೂಳೆ ಕೂಡದೆ ರಾಜಿಯಾಗುವುದು ಹಸಿ ಗೋಡೆಗೆ ಸುಣ್ಣ ಬಳಿದ ಹಾಗೆ, ಆರು ತಿಂಗಳಲ್ಲಿ ಬಿರುಕು ಕಾಣುತ್ತದೆ. ಸಹಿಗೆ ಮುನ್ನ ವೈದ್ಯರನ್ನು ಕೇಳು: ಇನ್ನು ಆಪರೇಷನ್ ಬೇಕೇ? ಇದಕ್ಕಿಂತ ಚೇತರಿಕೆ ಸಾಧ್ಯವೇ? ಹಳೆಯ ಕೆಲಸಕ್ಕೆ ಮರಳಬಹುದೇ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ವಕೀಲರಿಂದ ಬಾಬತ್ತುವಾರು ಲೆಕ್ಕ ಬರೆಸಿ, ಅದನ್ನು ಕಂಪನಿ ಹೇಳಿದ ಮೊತ್ತದ ಪಕ್ಕದಲ್ಲಿಟ್ಟು ನೋಡು. ಮನೆಯವರೊಂದಿಗೆ ಒಂದು ರಾತ್ರಿ ಕೂತು ಯೋಚಿಸು. 'ಪೂರ್ಣ ಮತ್ತು ಅಂತಿಮ' ಎಂದಿರುವ ರಸೀದಿಯನ್ನು ಓದದೆ, ಓದಿಸದೆ ಮುಟ್ಟಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸತ್ಯದ ಮಾತನ್ನು ಮೊದಲೇ ಎತ್ತಿದ್ದೆ. ಗುದ್ದಿದ ವಾಹನ ಸಿಗದಿದ್ದಾಗ ಪರಿಚಯದವರ ಗಾಡಿಯನ್ನು ತಂದು ನಿಲ್ಲಿಸೋಣ ಎಂದು ಯಾರಾದರೂ ಹೇಳಬಹುದು. ಲೈಸೆನ್ಸ್ ಇಲ್ಲದ ತಮ್ಮನ ಬದಲು ಅಣ್ಣ ಓಡಿಸುತ್ತಿದ್ದನೆಂದು ಬರೆಸೋಣ ಎನ್ನಬಹುದು. ಕೂಡದು. ಅದು ವಂಚನೆ, ಸಿಕ್ಕಿಬಿದ್ದರೆ ನಿಜವಾದ ಗಾಯದ ಪರಿಹಾರವೂ ಹೋಗಿ ಕ್ರಿಮಿನಲ್ ಕೇಸು ಕುತ್ತಿಗೆಗೆ ಬರುತ್ತದೆ. ಅಂಥ ಒಂದೊಂದು ಸುಳ್ಳೂ ನಿನ್ನ ಹಿಂದೆ ಸಾಲಿನಲ್ಲಿ ನಿಂತ ನಿಜವಾದ ಗಾಯಾಳುವನ್ನು ಅನುಮಾನಕ್ಕೆ ಗುರಿಮಾಡುತ್ತದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಕಾನೂನಿನಲ್ಲೇ ದಾರಿಯಿದೆ: ತೀವ್ರ ಗಾಯಕ್ಕೆ 50,000, ಮರಣಕ್ಕೆ 2 ಲಕ್ಷ ರೂಪಾಯಿ. ಕಂದಾಯ ಉಪವಿಭಾಗದ ಅಧಿಕಾರಿ ವಿಚಾರಣೆ ಮಾಡುತ್ತಾರೆ. ಮೊತ್ತ ಚಿಕ್ಕದು ನಿಜ, ಆದರೆ ತಲೆಯೆತ್ತಿ ಪಡೆಯಬಹುದಾದದ್ದು.

ವಕೀಲರನ್ನು ಆರಿಸುವಾಗ ಆಸ್ಪತ್ರೆಯ ವಾರ್ಡಿಗೇ ಬಂದು ವಕಾಲತ್ತಿಗೆ ಸಹಿ ಕೇಳುವ ದಲ್ಲಾಳಿಗಳಿಂದ ದೂರವಿರು. 'ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪಾಲು' ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕುವುದೆಂದರೆ ನಿನ್ನ ಮುರಿದ ಕಾಲಿನ ಬೆಲೆಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟಂತೆ. ಕೈಯಲ್ಲಿ ಕಾಸಿಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ನಿನ್ನದೇ ಪಾಲಿಸಿಯ ಹಣವನ್ನು ಕಂಪನಿ ಸಕಾರಣವಿಲ್ಲದೆ ತಡೆದರೆ, ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟು, ಒಂದು ತಿಂಗಳಲ್ಲಿ ಪರಿಹಾರವಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಬರೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಥರ್ಡ್ ಪಾರ್ಟಿ ಪರಿಹಾರದ ವಿವಾದ ಮಾತ್ರ ನ್ಯಾಯಮಂಡಳಿಗೇ ಸೇರಿದ್ದು.

ಹಣ ಬಂದ ಮೇಲಿನ ಮಾತನ್ನೂ ಹೇಳಿಬಿಡುತ್ತೇನೆ. ನ್ಯಾಯಮಂಡಳಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಿದರೆ ಬೇಸರಪಡಬೇಡ, ಅದು ನಿನ್ನ ಕಾವಲಿಗೆ. ಮೊದಲು ಬಡ್ಡಿಯ ಸಾಲ ತೀರಿಸು. ಪ್ಲೇಟು ತೆಗೆಸುವ ಖರ್ಚನ್ನು ಬೇರೆಯೇ ತೆಗೆದಿಡು. ಹಳೆಯ ಕಸುಬು ಮಾಡಲಾಗದಿದ್ದರೆ ಹೊಸ ಕಸುಬು ಕಲಿಯಲು ಉಳಿದದ್ದನ್ನು ಬಳಸು. ನೆಂಟರ ಮದುವೆಗೆ, ಹೊಸ ಬೈಕಿಗೆ ಕರಗಿಹೋದ ಪರಿಹಾರ ಮತ್ತೆ ಬರುವುದಿಲ್ಲ, ಕುಂಟುವ ಕಾಲು ಮಾತ್ರ ಕಡೆಯವರೆಗೂ ಇರುತ್ತದೆ.

ಇಂದೇ ಒಂದು ಕೆಲಸ ಮಾಡು, ಮಗು. ನಿನ್ನ ಬೈಕಿನ ಪಾಲಿಸಿ ತೆಗೆದು ನಾಲ್ಕು ವಿಷಯ ನೋಡು: ಥರ್ಡ್ ಪಾರ್ಟಿ ಎಂದಿನವರೆಗೆ, ಸ್ವಂತ ಹಾನಿ ಎಂದಿನವರೆಗೆ, 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ, ಹಿಂದೆ ಕೂರುವವರಿಗೆ ರಕ್ಷಣೆ ಇದೆಯೇ. ಇಲ್ಲದ್ದನ್ನು ನಾಳೆಯೇ ಮಾಡಿಸು. ಪಾಲಿಸಿ ಎಲ್ಲಿದೆ ಎಂದು ಅಪ್ಪ-ಅಮ್ಮನಿಗೋ ಕೈಹಿಡಿದವರಿಗೋ ಹೇಳಿಡು. ಹೆಲ್ಮೆಟ್ಟಿನ ಪಟ್ಟಿ ಬಿಗಿದೇ ಹೊರಡು. ನಿನಗೆ ಇದಾವುದೂ ಎಂದೂ ಬೇಕಾಗದಿರಲಿ ಎಂಬುದೇ ನನ್ನ ಹಾರೈಕೆ. ಬೇಕಾಗಿಬಂದರೆ ಸತ್ಯವನ್ನೇ ಹೇಳು, ಕಾಗದಗಳನ್ನು ಕಾಪಾಡು, ಅರ್ಜಿಯನ್ನು ಬೇಗ ಹಾಕು, ಸಹಿಯನ್ನು ತಡವಾಗಿ ಹಾಕು.